ಏಳನೇ ನಿಮಿಷದಿಂದ ಮುಂದೆ

ನನ್ನ ಫೋನಿನಲ್ಲಿ ಒಂದು ರೆಕಾರ್ಡಿಂಗ್ ಇತ್ತು. ಹನ್ನೊಂದು ನಿಮಿಷ ಚಿಲ್ಲರೆ. 2009ರ ಚಳಿಗಾಲದಲ್ಲಿ, ಅಡಿಕೆ ಸುಲಿತ ನಡೆಯುತ್ತಿದ್ದ ದಿನಗಳಲ್ಲಿ, ನಮ್ಮ ಹಳೆಮನೆಯ ಜಗಲಿಯಲ್ಲಿ ಪಂಚಾಯಿತಿಗೆ ಕೂತಾಗ ಮಾಡಿಕೊಂಡದ್ದು. ಮುಂದೆ ಕೋರ್ಟಿಗೆ ಬೇಕಾಗಬಹುದು ಅಂತ ಯಾರೋ ಹೇಳಿದ್ದರು; ಅಂಗಿ ಜೇಬಿನಲ್ಲಿ ಫೋನು ಆನ್ ಮಾಡಿ ಇಟ್ಟುಕೊಂಡಿದ್ದೆ. ಕೋರ್ಟಿಗೆ ಅದು ಬೇಕಾಗಲೇ ಇಲ್ಲ. ಆದರೆ ಆ ಫೋನು ಹೋಗಿ ಇನ್ನೊಂದು ಬಂದಾಗ, ಅದೂ ಹೋಗಿ ಟಚ್ ಫೋನು ಬಂದಾಗ, ನಾನು ಮೊದಲು ಹೊಸದಕ್ಕೆ ಹಾಕಿಸಿಕೊಂಡದ್ದು ಅದನ್ನೇ. ಮಗಳು ಮೊದಲ ದಿನ ಶಾಲೆಗೆ ಹೊರಟ ಫೋಟೋಗಳು ಹಳೆಯ ಫೋನಿನ ಜೊತೆಗೇ ಹೋದವು. ಇದು ಉಳಿಯಿತು.

ಏಳನೇ ನಿಮಿಷದಲ್ಲಿ ಅಣ್ಣಯ್ಯ ಹೇಳುತ್ತಾನೆ: "ನೀನು ಈ ಮನೇಲಿ ಬರೀ ಉಣ್ಣಕ್ಕೆ ಹುಟ್ಟಿದೋನು."

ಹತ್ತು ಜನರ ಎದುರು, ಅಮ್ಮನ ಎದುರು ಹೇಳಿದ ಮಾತು. ರಾತ್ರಿ ಎಲ್ಲರೂ ಮಲಗಿದ ಮೇಲೆ ಜಗಲಿಗೆ ಬಂದು, ಕಿವಿಗೆ ಹಚ್ಚಿಕೊಂಡು, ಅಲ್ಲಿಯವರೆಗೆ ಕೇಳುತ್ತಿದ್ದೆ. ಅಲ್ಲಿ ನಿಲ್ಲಿಸುತ್ತಿದ್ದೆ. ಹಿಂದಕ್ಕೆ ಎಳೆದು ಮತ್ತೆ ಕೇಳುತ್ತಿದ್ದೆ. ಒಂಬತ್ತು ವರ್ಷ ಇದು ನಡೆಯಿತು. ಇದರಿಂದ ಹೇಗೆ ಹೊರಗೆ ಬಂದೆ ಅಂತ ನನ್ನ ಹಾಗೆ ಒಂದೇ ಮಾತನ್ನು ಹಿಡಿದು ಕೂತವರಿಗೆ ಹೇಳಬೇಕು ಅಂತ ಬಹಳ ದಿನದಿಂದ ಅನ್ನಿಸುತ್ತಿತ್ತು.

ಜಗಳದ ವಿಷಯ ಮಲೆನಾಡಿನ ಯಾವ ಊರಿಗೂ ಹೊಸದಲ್ಲ. ತೀರ್ಥಹಳ್ಳಿ ತಾಲೂಕಿನಲ್ಲಿ ನಮ್ಮದು ನಾಲ್ಕು ಎಕರೆ ಅಡಿಕೆ ತೋಟ. ಅಪ್ಪಯ್ಯ 2004ರಲ್ಲಿ ತೀರಿಕೊಂಡರು. ಅಣ್ಣಯ್ಯ ಊರಲ್ಲೇ ಇದ್ದು ತೋಟ ನೋಡಿಕೊಂಡವನು. ನಾನು ಶಿವಮೊಗ್ಗದಲ್ಲಿ ಓದಿ, ಅಲ್ಲೇ ಲೆಕ್ಕ ಬರೆಯುವ ಕೆಲಸ ಹಿಡಿದವನು. ಪಾಲು ಕೇಳಿದಾಗ ಪೆಟ್ಟಿಗೆಯಿಂದ ಒಂದು ಉಯಿಲು ಹೊರಗೆ ಬಂತು. ಮನೆ ಮತ್ತು ನೀರಿನ ಆಸರೆ ಇರುವ ಕೆಳಗಿನ ತೋಟ ಅಣ್ಣಯ್ಯನಿಗೆ ಅಂತ ಅದರಲ್ಲಿತ್ತು. ಪಂಚಾಯಿತಿ ಮುರಿದುಬಿತ್ತು, ನಾನು ಪಾಲಿನ ದಾವೆ ಹಾಕಿದೆ. ಆರು ವರ್ಷ ವಾಯಿದೆಯಿಂದ ವಾಯಿದೆಗೆ ಅಲೆದು 2015ರಲ್ಲಿ ಲೋಕ ಅದಾಲತ್ತಿನಲ್ಲಿ ರಾಜಿಯಾಯಿತು. ನನಗೆ ಒಂದು ಎಕರೆ ಮೂವತ್ತು ಗುಂಟೆ ಬಂತು. ಲೋಕ ಅದಾಲತ್ತಿನ ರಾಜಿಗೆ ಅಪೀಲು ಇಲ್ಲ, ಕಾನೂನಿನ ಮಟ್ಟಿಗೆ ವಿಷಯ ಅಲ್ಲಿಗೆ ಮುಗಿಯಿತು. ಕೆಲಸ ಬಿಟ್ಟು ಊರಿಗೆ ಬಂದೆ, ಸಣ್ಣದೊಂದು ಮನೆ ಕಟ್ಟಿದೆ. ಎಲ್ಲರೂ "ಇನ್ನು ನೆಮ್ಮದಿ" ಅಂದರು.

ನನ್ನ ತಲೆಯೊಳಗೆ ಮಾತ್ರ ದಿನಾ ರಾತ್ರಿ ವಾಯಿದೆ ಬೀಳುತ್ತಿತ್ತು. ವಕೀಲನೂ ನಾನೇ, ಸಾಕ್ಷಿಯೂ ನಾನೇ. ಆವತ್ತು ಹೇಳಬೇಕಿದ್ದ ಉತ್ತರಗಳನ್ನೆಲ್ಲ ಒಂದೊಂದಾಗಿ ಹೇಳುತ್ತಿದ್ದೆ. ಪ್ರತಿ ರಾತ್ರಿ ನಾನೇ ಗೆಲ್ಲುತ್ತಿದ್ದೆ. ಬೆಳಗ್ಗೆ ಎದ್ದರೆ ಮೈ ಗಾಣದಲ್ಲಿ ಅರೆದ ಹಾಗೆ ಆಗಿರುತ್ತಿತ್ತು. ಊಟದ ತಟ್ಟೆ ಮುಂದೆ ಕೂತ ಕೂಡಲೇ ಆ ಮಾತು ಬರುತ್ತಿತ್ತು: ಬರೀ ಉಣ್ಣಕ್ಕೆ. ಮದುವೆ ಮುಂಜಿಗಳಲ್ಲಿ ಪಂಕ್ತಿಗೆ ಕೂರುವುದನ್ನು ಬಿಟ್ಟೆ. ಏನಾದರೂ ಕೆಲಸದ ನೆಪ ಹೇಳಿ ಹೊರಗೆ ನಿಲ್ಲುತ್ತಿದ್ದೆ. 2017ರಲ್ಲಿ ಅಮ್ಮ ಹೋದರು. ಅವರ ಹನ್ನೆರಡನೇ ದಿನದ ಊಟಕ್ಕೂ ನಾನು ಕೂರಲಿಲ್ಲ. ಆ ಒಂದು ವಿಷಯ ನೆನೆದರೆ ಈಗಲೂ ಸಂಕಟವಾಗುತ್ತದೆ.

ಆಸ್ಪತ್ರೆಗೆ ಹೋದದ್ದು ಮನಸ್ಸಿಗೆ ಅಂತ ಅಲ್ಲ. 2018ರಲ್ಲಿ ತೋಟದಲ್ಲಿ ತಲೆ ತಿರುಗಿ ಕೂತುಬಿಟ್ಟೆ. ಬಿಪಿ ನೋಡಿದರೆ 160/100. ತೂಕ ಒಂಬತ್ತು ಕಿಲೋ ಇಳಿದಿತ್ತು. ಡಾಕ್ಟರು ನಿದ್ದೆ ಬಗ್ಗೆ ಕೇಳಿದರು. ರಾತ್ರಿ ಎರಡು ಗಂಟೆಗೆ ಎಚ್ಚರವಾಗುತ್ತದೆ, ಆಮೇಲೆ ಬರುವುದಿಲ್ಲ ಅಂದೆ. "ಎಷ್ಟು ದಿನದಿಂದ?" ಅಂದರು. ವರ್ಷದ ಲೆಕ್ಕದಲ್ಲಿ ಹೇಳಿದಾಗ ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. "ಮಂಗಳವಾರ ಬನ್ನಿ, ಮನೋವೈದ್ಯರು ಬರ್ತಾರೆ" ಅಂದರು. ತಾಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಅಂತ ಮಂಗಳವಾರದ ಕ್ಲಿನಿಕ್ ನಡೆಯುತ್ತದೆ ಅನ್ನುವುದು ನನಗೆ ಗೊತ್ತೇ ಇರಲಿಲ್ಲ.

ನನಗೆ ನಾಚಿಕೆಯಾಯಿತು, ಭಯವೂ ಆಯಿತು. ನಮ್ಮ ತಾಲೂಕಿನಲ್ಲಿ ನಿಮ್ಹಾನ್ಸ್‌ನವರು 2005ರಿಂದ ಸ್ಕಿಜೋಫ್ರೇನಿಯಾ ಅನ್ನುವ ತೀವ್ರ ಮಾನಸಿಕ ಕಾಯಿಲೆ ಇರುವವರನ್ನು ಹುಡುಕಿ ಚಿಕಿತ್ಸೆ ಕೊಡಿಸುತ್ತಾ ಬಂದಿದ್ದಾರೆ. ನಮ್ಮ ಕಡೆಯ ಎಷ್ಟೋ ಮನೆಗಳಿಗೆ ಅದರಿಂದ ಬದುಕು ವಾಪಸ್ಸು ಬಂದಿದೆ. ಆದರೆ ನನ್ನಂಥವರ ತಲೆಯಲ್ಲಿ ಕೂತದ್ದು ಬೇರೆ: ಮನಸ್ಸಿನ ಡಾಕ್ಟರು ಅಂದರೆ ಅಂಥ ದೊಡ್ಡ ಕಾಯಿಲೆಗೆ ಮಾತ್ರ, ಅಣ್ಣ ಬೈದದ್ದಕ್ಕೆಲ್ಲ ಅಲ್ಲಿಗೆ ಹೋಗುತ್ತಾರೆಯೇ ಅಂತ. ಎರಡು ಮಂಗಳವಾರ ಹಾಗೇ ಹೋದವು. ಮೂರನೆಯದಕ್ಕೆ ಹೆಂಡತಿ ಚೀಲ ಹಿಡಿದು ಮೊದಲೇ ಬಸ್‌ಸ್ಟಾಪಿನಲ್ಲಿ ನಿಂತಿದ್ದಳು.

ಖಿನ್ನತೆ ಅಂದರು. ಒಂದು ಮಾತ್ರೆ ಕೊಟ್ಟರು. "ಎರಡು ಮೂರು ವಾರ ಏನೂ ಅನ್ನಿಸಲ್ಲ, ಬಿಡಬೇಡಿ" ಅಂತ ಒತ್ತಿ ಹೇಳಿದರು. ಜೊತೆಗೆ ಶಿವಮೊಗ್ಗದ ಒಬ್ಬ ಆಪ್ತಸಮಾಲೋಚಕಿಯ ಹತ್ತಿರ ಕಳಿಸಿದರು. ಮಾತ್ರೆಯ ಬಗ್ಗೆ ನನ್ನ ಅನುಭವ ಇಷ್ಟೇ: ಅದು ಹಳೆಯದನ್ನು ಮರೆಸಲಿಲ್ಲ, ನಿದ್ದೆ ಕೊಟ್ಟಿತು. ನಿದ್ದೆ ಬಂದದ್ದರಿಂದ ಉಳಿದ ಕೆಲಸ ಮಾಡಲು ತ್ರಾಣ ಬಂತು. ನಾಲ್ಕನೇ ತಿಂಗಳು ಹುಷಾರಾದೆ ಅನ್ನಿಸಿ ಯಾರನ್ನೂ ಕೇಳದೆ ನಿಲ್ಲಿಸಿಬಿಟ್ಟೆ. ವಾರದೊಳಗೆ ತಲೆಸುತ್ತು, ಸಿಡಿಮಿಡಿ, ಮತ್ತೆ ಎರಡು ಗಂಟೆಯ ಎಚ್ಚರ. ಡಾಕ್ಟರು ಬೈದು ಮತ್ತೆ ಶುರು ಮಾಡಿಸಿದರು. ಒಂದು ವರ್ಷದ ಹತ್ತಿರ ತಗೊಂಡೆ, ನಿಲ್ಲಿಸುವಾಗ ಅವರೇ ಸ್ವಲ್ಪಸ್ವಲ್ಪವಾಗಿ ಇಳಿಸಿ ನಿಲ್ಲಿಸಿದರು. ಯಾರೂ ನಾನು ಮಾಡಿದ ಹಾಗೆ ಮಾಡಬೇಡಿ.

ಶಿವಮೊಗ್ಗಕ್ಕೆ ಅರವತ್ತು ಕಿಲೋಮೀಟರು. ಹದಿನೈದು ದಿನಕ್ಕೊಮ್ಮೆ ಬೆಳಗಿನ ಬಸ್ಸಿಗೆ ಹೋಗಿ ಬರುತ್ತಿದ್ದೆ. ಮೊದಲ ದಿನ ಮೇಡಂ ಹತ್ತಿರ ಹೇಳಿದೆ, "ಇದನ್ನು ಮರೀಬೇಕು, ಅದಕ್ಕೇ ಬಂದಿದ್ದೇನೆ." ಅವರು ಒಂದು ಪ್ರಯೋಗದ ಕಥೆ ಹೇಳಿದರು. 1987ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ ಮತ್ತು ಜೊತೆಗಾರರು ಕೆಲವರನ್ನು ಕೂರಿಸಿ, ಐದು ನಿಮಿಷ ಬಿಳಿ ಕರಡಿಯನ್ನು ಮಾತ್ರ ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ ಅಂದರಂತೆ. ಗಂಟೆ ಬಾರಿಸುತ್ತಲೇ ಇತ್ತು. ಆಮೇಲೆ ಈಗ ನೆನೆಯಬಹುದು ಅಂದಾಗ, ಮೊದಲಿನಿಂದಲೇ ನೆನೆಯಲು ಬಿಟ್ಟವರಿಗಿಂತ ಇವರಿಗೇ ಕರಡಿ ಹೆಚ್ಚು ಬಂತಂತೆ. "ಒಂಬತ್ತು ವರ್ಷದಿಂದ ನೀವು ಗಂಟೆ ಬಾರಿಸ್ತಾ ಇದ್ದೀರಿ" ಅಂದರು ಮೇಡಂ.

ಇನ್ನೊಂದು ಮಾತು ಅವರು ಹೇಳಿದ್ದು ನನ್ನಂಥ ಕೊಟ್ಟಿಗೆ ಇರುವವನಿಗೆ ಚೆನ್ನಾಗಿ ನಾಟಿತು. ದನ ಮೆಲುಕು ಹಾಕಿದರೆ ತಿಂದದ್ದು ಅರಗುತ್ತದೆ. ನಿಮ್ಮದು ಎಷ್ಟು ಮೆಲುಕು ಹಾಕಿದರೂ ಅರಗುತ್ತಿಲ್ಲ, ಯಾಕೆಂದರೆ ಪ್ರತಿ ಸಲ ಅದೇ ಒಂದು ತುತ್ತು ಬಾಯಿಗೆ ಬರುತ್ತಿದೆ, ಪಕ್ಕದ ಹುಲ್ಲು ಬರುತ್ತಲೇ ಇಲ್ಲ.

ಮೊದಲು ಕೊಟ್ಟ ಕೆಲಸ ಸಣ್ಣದು. ದಿನಕ್ಕೆ ಇಪ್ಪತ್ತು ನಿಮಿಷ, ಒಂದೇ ಹೊತ್ತು, ಒಂದೇ ಜಾಗ. ಮಲಗುವ ಕೋಣೆ ಆಗಬಾರದು, ರಾತ್ರಿ ಆಗಬಾರದು. ಆ ಹೊತ್ತಿನಲ್ಲಿ ಎಷ್ಟು ಬೇಕಾದರೂ ಯೋಚಿಸಿ, ಸಿಟ್ಟು ಮಾಡಿ, ಅಳಿ. ಉಳಿದ ಹೊತ್ತಿನಲ್ಲಿ ಆ ಮಾತು ಬಂದರೆ ಓಡಿಸಬೇಡಿ, "ಸಂಜೆಗೆ ಬಾ" ಅನ್ನಿ. ಮರೆತುಹೋಗುತ್ತದೆ ಅನ್ನಿಸಿದರೆ ಒಂದು ಶಬ್ದ ಬರೆದಿಟ್ಟುಕೊಳ್ಳಿ. ನಾನು ಸಂಜೆ ಐದೂವರೆ ಅಂತ ಇಟ್ಟುಕೊಂಡೆ. ಕೊಟ್ಟಿಗೆ ಹಿಂದೆ ಒಂದು ಬಟ್ಟೆ ಒಗೆಯುವ ಕಲ್ಲಿದೆ, ಅದರ ಮೇಲೆ. ಕೈಯಲ್ಲಿ ಮಗಳ ಅರ್ಧ ಖಾಲಿ ಇದ್ದ ನೋಟ್‌ಬುಕ್ಕು. ಮೊದಲ ಹತ್ತು ದಿನ ಏನೂ ಪ್ರಯೋಜನವಾಗಲಿಲ್ಲ; ಮಾತು ಹಗಲು ರಾತ್ರಿ ಹಿಂದಿನ ಹಾಗೇ ಬರುತ್ತಿತ್ತು. ಮೂರನೇ ವಾರದ ಹೊತ್ತಿಗೆ ಒಂದು ಬದಲಾವಣೆ ಕಂಡಿತು. ರಾತ್ರಿ ಎರಡಕ್ಕೆ ಎಚ್ಚರವಾದಾಗ "ಸಂಜೆಗೆ" ಅಂದರೆ ಮನಸ್ಸು ಒಪ್ಪತೊಡಗಿತು. ಸಂಜೆ ಬಂದು ಕಲ್ಲಿನ ಮೇಲೆ ಕೂತರೆ, ಹನ್ನೆರಡು ನಿಮಿಷಕ್ಕೆಲ್ಲ ಹೇಳುವುದು ಮುಗಿದು ಕಣ್ಣು ಕೊಟ್ಟಿಗೆ ಮಾಡಿನ ಹೆಂಚಿನ ಮೇಲೆ ಹೋಗುತ್ತಿತ್ತು. ಇದನ್ನು ಯಾರು ಬೇಕಾದರೂ ಮಾಡಬಹುದು. ಆದರೆ ತಿಂಗಳಾದರೂ ಬಿಡದೆ ಮಾಡಬೇಕು.

ಆಮೇಲೆ ಬರವಣಿಗೆ. ನಾಲ್ಕು ದಿನ, ದಿನಕ್ಕೆ ಹದಿನೈದು ನಿಮಿಷ, ನಡೆದದ್ದನ್ನೂ ಆಗ ಅನ್ನಿಸಿದ್ದನ್ನೂ ಬರೆಯುವುದು. ಕಾಗುಣಿತ ನೋಡುವಂತಿಲ್ಲ, ಯಾರಿಗೂ ತೋರಿಸುವಂತಿಲ್ಲ. ಜೇಮ್ಸ್ ಪೆನ್ನೆಬೇಕರ್ ಅನ್ನುವ ವಿದ್ವಾಂಸರು 1986ರಲ್ಲಿ ಕಾಲೇಜು ವಿದ್ಯಾರ್ಥಿಗಳ ಮೇಲೆ ಮಾಡಿ ನೋಡಿದ ವಿಧಾನ ಇದು ಅಂತ ಮೇಡಂ ಹೇಳಿದರು. ಹಾಗೆ ಬರೆದವರಿಗೆ ಆ ಕ್ಷಣಕ್ಕೆ ಮನಸ್ಸು ಇನ್ನೂ ಭಾರವಾಗಿತ್ತಂತೆ, ಮುಂದಿನ ತಿಂಗಳುಗಳಲ್ಲಿ ಮಾತ್ರ ಅವರು ಆಸ್ಪತ್ರೆಗೆ ಹೋಗುವುದು ಕಡಿಮೆಯಾಗಿತ್ತಂತೆ. ಬರೆಯುತ್ತಾ ತಡೆಯಲಾಗದಷ್ಟು ಸಂಕಟವಾದರೆ ನಿಲ್ಲಿಸಿ ಬೇರೆ ವಿಷಯ ಬರೆಯಬೇಕು ಅಂತ ಎಚ್ಚರಿಸಿದ್ದರು. ಆ ಎಚ್ಚರಿಕೆ ದೊಡ್ಡದು. ಏಟು ಹೊಸದಾಗಿರುವಾಗ ಒಬ್ಬರೇ ಕೂತು ಇದನ್ನು ಮಾಡಬಾರದು ಅಂತ ನನ್ನ ಅಭಿಪ್ರಾಯ.

ಮೊದಲ ದಿನ ನಾನು ಬರೆದದ್ದು ದಾವೆಯ ಅರ್ಜಿಯ ಹಾಗಿತ್ತು: ಸರ್ವೆ ನಂಬರು, ಚೆಕ್ಕುಬಂದಿ, ತಾರೀಕು. ಎರಡನೇ ದಿನ ಬರೀ ಬೈಗುಳ. ಪೆನ್ನು ಒತ್ತಿದ ರಭಸಕ್ಕೆ ಹಾಳೆ ಹರಿದಿತ್ತು. ಮೂರನೇ ದಿನ ಅಮ್ಮನ ಬಗ್ಗೆ ಬರೆಯಲು ಹೋಗಿ ಐದು ಸಾಲಿಗೆ ನಿಂತಿತು. ನಾಲ್ಕನೇ ದಿನ ನಾನು ಅಂದುಕೊಳ್ಳದೇ ಇದ್ದ ಒಂದು ಸಾಲು ಕೈಯಿಂದ ಬಂತು: "ಅಪ್ಪಯ್ಯ ನನಗೆ ಒಂದು ಮಾತು ಹೇಳಬಹುದಿತ್ತು."

ಅದನ್ನು ಬರೆದು ಬಹಳ ಹೊತ್ತು ಕೂತೆ. ಉಯಿಲು ಬರೆದದ್ದು ಅಣ್ಣಯ್ಯ ಅಲ್ಲ. ಅಪ್ಪಯ್ಯ ಪ್ರತಿ ತಿಂಗಳು ಅಡಿಕೆ ಮಂಡಿಗೆ ಅಂತ ಶಿವಮೊಗ್ಗಕ್ಕೆ ಬರುತ್ತಿದ್ದರು, ನನ್ನ ರೂಮಿನಲ್ಲಿ ಉಳಿಯುತ್ತಿದ್ದರು, ನಾನು ಮಾಡಿದ ಉಪ್ಪಿಟ್ಟು ತಿನ್ನುತ್ತಿದ್ದರು. ಒಂದು ಸಲವೂ ಬಾಯಿ ಬಿಡಲಿಲ್ಲ. ಸತ್ತ ಅಪ್ಪನ ಮೇಲೆ ಸಿಟ್ಟು ಮಾಡುವುದು ಹೇಗೆ? ಅದನ್ನೂ ಸೇರಿಸಿ ಎದುರಿಗಿದ್ದ ಅಣ್ಣನ ತಲೆಗೆ ಕಟ್ಟಿದ್ದೆ. ಆವತ್ತಿನಿಂದ ಸಂಜೆಯ ಕಲ್ಲಿನ ಮೇಲೆ ಅಪ್ಪಯ್ಯನೂ ಬಂದು ಕೂತರು. ಅವರ ಮೇಲಿನ ದುಃಖ ಬೇರೆ ಥರದ್ದು. ಅದರಲ್ಲಿ ಗೆಲ್ಲುವ ವಾದ ಇಲ್ಲ. ಅಳು ಬಂತು, ಅತ್ತೆ, ಹಗುರಾಯಿತು.

ಹೆಚ್ಚಿನವರು ನನಗೆ ಹೇಳುತ್ತಾ ಬಂದದ್ದು ಎರಡೇ ಮಾತು: "ಮರೆತುಬಿಡು ಮಾರಾಯ", "ದೊಡ್ಡ ಮನಸ್ಸು ಮಾಡಿ ಕ್ಷಮಿಸು." ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಆದರೆ ನೋವು ತಿಂದವನಿಗೆ ಅದು ಇನ್ನೊಂದು ಸಾಲದ ಹಾಗೆ ಮೇಲೆ ಬೀಳುತ್ತದೆ. ಅನ್ಯಾಯವಾದದ್ದೂ ನನಗೆ, ಈಗ ಕ್ಷಮೆ ಕೊಡಬೇಕಾದವನೂ ನಾನು. ಮೇಡಂ ಒಂದು ಸಲವೂ ಕ್ಷಮಿಸಿ ಅನ್ನಲಿಲ್ಲ. ನಡೆದದ್ದು ತಪ್ಪು ಅಂತ ನೀವು ಸಾಯುವ ತನಕ ಹೇಳಬಹುದು, ಅದಕ್ಕಾಗಿ ದಿನಾ ರಾತ್ರಿ ಎದ್ದು ಕೂರಬೇಕಾಗಿಲ್ಲ ಅಂದರು. ಇವೆರಡು ಬೇರೆಬೇರೆ ಅಂತ ತಿಳಿದ ದಿನವೇ ನನಗೆ ಅರ್ಧ ಬಿಡುಗಡೆ.

ರೆಕಾರ್ಡಿಂಗ್ ವಿಷಯ ಅವರಿಗೆ ಹೇಳಿದ್ದು ಐದನೇ ತಿಂಗಳಲ್ಲಿ. ಅಲ್ಲಿಯ ತನಕ ಬಾಯಿ ಬಂದಿರಲಿಲ್ಲ. ಡಿಲೀಟ್ ಮಾಡಿ ಅನ್ನುತ್ತಾರೆ ಅಂದುಕೊಂಡಿದ್ದೆ.

"ಪೂರ್ತಿ ಕೇಳಿದ್ದೀರಾ?" ಅಂದರು.

"ನೂರಾರು ಸಲ."

"ಕೊನೇ ತನಕ?"

ನಾನು ಸುಮ್ಮನಾದೆ. ಏಳನೇ ನಿಮಿಷದಿಂದ ಮುಂದೆ ನಾನು ಒಂದು ಸಲವೂ ಹೋಗಿರಲಿಲ್ಲ.

ಅವರ ಕೋಣೆಯಲ್ಲೇ ಮೇಜಿನ ಮೇಲೆ ಫೋನು ಇಟ್ಟು ಹಾಕಿದೆವು. ಮಳೆಗಾಲ, ಹೊರಗೆ ಜೋರು ಮಳೆ; ಅವರು ಕಿಟಕಿ ಮುಚ್ಚಿದರು. ಆ ಮಾತು ಬಂತು. ನನ್ನ ಕೈ ಅಭ್ಯಾಸಕ್ಕೆ ಮುಂದೆ ಹೋಯಿತು. ಅವರು "ಇರಲಿ" ಅಂದರು. ಕುರ್ಚಿ ಎಳೆದ ಸದ್ದು. ಆಮೇಲೆ ನನ್ನ ದನಿ. ನನ್ನ ನೆನಪಿನಲ್ಲಿ ಆವತ್ತು ನಾನು ತುಟಿ ಕಚ್ಚಿಕೊಂಡು ಸುಮ್ಮನೆ ಎದ್ದು ಬಂದವನು. ರೆಕಾರ್ಡಿಂಗಿನಲ್ಲಿ ನಾನು ಹೇಳುತ್ತಿದ್ದೇನೆ, ಸ್ಪಷ್ಟವಾಗಿ, ಎಲ್ಲರಿಗೂ ಕೇಳುವ ಹಾಗೆ: "ಎಸ್ಸೆಸ್ಸೆಲ್ಸಿ ಫೇಲಾದೋನಿಗೆ ಕಾಗದ ಪತ್ರ ಏನು ಗೊತ್ತಾಗ್ತದೆ?" ಅಣ್ಣಯ್ಯ ಫೇಲಾದದ್ದು ಯಾಕೆ ಅಂತ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಆ ವರ್ಷ ಅಪ್ಪಯ್ಯ ಮರದಿಂದ ಬಿದ್ದು ಸೊಂಟ ಹಿಡಿದು ಮಲಗಿದ್ದರು. ಕೊಯ್ಲು ನೋಡಲು ಶಾಲೆ ಬಿಟ್ಟವನು ಅವನು. ನಾನು ಆಗ ಐದನೇ ಕ್ಲಾಸು.

ನೆನಪು ಟೇಪಿನ ಹಾಗೆ ಇದ್ದದ್ದು ಇದ್ದ ಹಾಗೆ ಉಳಿಯುವುದಿಲ್ಲ, ತೆಗೆದು ನೋಡಿದಾಗೆಲ್ಲ ಮತ್ತೆ ಹೊಲಿದು ಒಳಗಿಡುತ್ತೇವೆ ಅಂತ ಮೇಡಂ ಹಿಂದೆ ಒಂದು ದಿನ ಹೇಳಿದ್ದರು. ಟೇಪು ನನ್ನ ಕೈಯಲ್ಲೇ ಇದ್ದರೂ ನಾನು ಮಾಡಿದ್ದು ಅದನ್ನೇ.

ಹತ್ತನೇ ನಿಮಿಷ ದಾಟಿದ ಮೇಲೆ ಗಲಾಟೆ ಸ್ವಲ್ಪ ತಗ್ಗುತ್ತದೆ. ದೂರದಿಂದ, ಅಡಿಗೆಮನೆ ಬಾಗಿಲಿನಿಂದ ಇರಬೇಕು, ಅಮ್ಮನ ದನಿ: "ಅನ್ನ ಆರಿ ಹೋಗ್ತಿದೆ. ಇಬ್ರೂ ಏಳಿ, ಊಟಕ್ಕೆ."

ಯಾರೂ ಉತ್ತರ ಕೊಡುವುದಿಲ್ಲ. ರೆಕಾರ್ಡಿಂಗ್ ಮುಗಿಯುತ್ತದೆ.

ಅಮ್ಮ ತೀರಿಕೊಂಡು ಆಗ ಎರಡು ವರ್ಷವಾಗುತ್ತಾ ಬಂದಿತ್ತು. ಅವರ ದನಿ ಬೇರೆ ಎಲ್ಲೂ ಇಲ್ಲ ಅಂದುಕೊಂಡಿದ್ದೆ. ಒಂಬತ್ತು ವರ್ಷ ನನ್ನ ಜೇಬಿನಲ್ಲೇ ಇತ್ತು, ನಾನು ಕೇಳಿರಲಿಲ್ಲ. ಆವತ್ತು ನಾನು ಅತ್ತ ಹಾಗೆ ಅಮ್ಮ ಹೋದ ದಿನವೂ ಅತ್ತಿರಲಿಲ್ಲ. ಮೇಡಂ ಗಡಿಯಾರ ನೋಡಲಿಲ್ಲ. ಹೊರಗೆ ಕಾಯುತ್ತಿದ್ದವರಿಗೆ ಸ್ವಲ್ಪ ಹೊತ್ತು ಕೂರಲು ಹೇಳಿ ಬಂದರು.

ಮನೆಗೆ ಬಂದು ಮಗಳ ಹತ್ತಿರ ಕೊಟ್ಟೆ. ಕೊನೆಯ ಒಂಬತ್ತು ಸೆಕೆಂಡು ಮಾತ್ರ ಕತ್ತರಿಸಿ ಬೇರೆ ಮಾಡಿಕೊಡು ಅಂದೆ. ಅವಳು ಮೊಬೈಲಿನಲ್ಲೇ ಎರಡು ನಿಮಿಷದಲ್ಲಿ ಮಾಡಿದಳು. "ಉಳಿದದ್ದು?" ಅಂದಳು. ಬೇಡ ಅಂದೆ. ಕೇಸಿನ ಕಾಗದದ ಟ್ರಂಕನ್ನೂ ಆ ವಾರವೇ ಬಿಚ್ಚಿದೆ. ಎಲ್ಲ ಸುಟ್ಟುಬಿಡಿ, ಮನಸ್ಸು ಹಗುರಾಗುತ್ತದೆ ಅಂತ ಹೇಳುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ರಾಜಿಯ ಆದೇಶದ ದೃಢೀಕೃತ ನಕಲು, ಪಹಣಿ, ನಕ್ಷೆ ಇವು ಮಕ್ಕಳ ಕಾಲಕ್ಕೆ ಬೇಕು. ಅವನ್ನು ಒಂದು ಫೈಲಿಗೆ ಹಾಕಿದೆ. ಅವನು ಹೀಗಂದ, ನಾನು ಹೀಗನ್ನಬೇಕಿತ್ತು ಅಂತ ವಕೀಲರಿಗೆ ಬರೆದು ಕೊಟ್ಟ ಮೂವತ್ತು ನಲವತ್ತು ಹಾಳೆಗಳನ್ನು ಬಚ್ಚಲ ಒಲೆಗೆ ಹಾಕಿದೆ.

ಇನ್ನು ಉಳಿದದ್ದು ಅಗಳಿನ ಮೂಲೆ. ನಮ್ಮಿಬ್ಬರ ತೋಟದ ನಡುವೆ ಒಂದು ಅಗಳಿದೆ, ಅಂದರೆ ಉದ್ದದ ಕಂದಕ. ಆ ಕಡೆ ಅಣ್ಣಯ್ಯ ಕಾಣುತ್ತಾನೆ ಅಂತ ಆ ಮೂಲೆಗೆ ಹೋಗುವುದನ್ನೇ ಬಿಟ್ಟಿದ್ದೆ. ಆಳುಗಳಿಗೂ ಅಲ್ಲಿಗೆ ಕೊನೆಯಲ್ಲಿ ಹೋಗಲು ಹೇಳುತ್ತಿದ್ದೆ, ಎಷ್ಟೋ ಸಲ ಮಳೆ ಹಿಡಿದು ಅಲ್ಲಿಗೆ ಔಷಧಿ ಹೊಡೆಯುವುದೇ ತಪ್ಪುತ್ತಿತ್ತು. ಕೊಳೆ ರೋಗ ಕಾಯುವುದಿಲ್ಲ. ಆ ಮೂಲೆಯಲ್ಲಿ ವರ್ಷವರ್ಷ ಕಾಯಿ ಉದುರಿ ಬೀಳುತ್ತಿತ್ತು. ಮೇಡಂ ದಿನಕ್ಕೆ ಇಷ್ಟು ದೂರ ಅಂತ ಗುರುತು ಹಾಕಿಕೊಟ್ಟರು: ಮೊದಲ ವಾರ ಬಾಳೆಯ ತನಕ, ಆಮೇಲೆ ಕಾಲುಸಂಕದ ತನಕ, ಎದೆ ಹೊಡೆದುಕೊಂಡರೆ ಓಡಿ ಬರದೆ ಇಳಿಯುವ ತನಕ ಅಲ್ಲೇ ನಿಲ್ಲುವುದು. ಒಂದೂವರೆ ತಿಂಗಳು ಬೇಕಾಯಿತು. ಮುಂದಿನ ವರ್ಷ ಜೂನ್ ಮೊದಲ ವಾರ ನಾನೇ ನಿಂತು ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು ಸೇರಿಸಿ ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಕಲಸಿ, ಮೊದಲ ಬ್ಯಾರಲ್ ಆ ಮೂಲೆಗೇ ಹೊಡೆಸಿದೆ. ಆ ಕಡೆ ಅಣ್ಣಯ್ಯ ನಿಂತಿದ್ದ. ಇಬ್ಬರೂ ಮಾತಾಡಲಿಲ್ಲ. ನನ್ನ ಕೈ ನಡುಗಲಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ನನ್ನದು ಹೊಡೆತ ಬಡಿತದ ಕಥೆಯಲ್ಲ. ಮನೆಯಲ್ಲಿ ಈಗಲೂ ಹಿಂಸೆ ನಡೆಯುತ್ತಿದ್ದರೆ ಬಿಡಬೇಕಾದದ್ದು ನೆನಪನ್ನಲ್ಲ, ಆ ಜಾಗವನ್ನು. ಬದುಕೇ ಬೇಡ ಅನ್ನಿಸುತ್ತಿದ್ದರೆ ನೋಟ್‌ಬುಕ್ಕು ಹಿಡಿದು ಕೂರಬೇಡಿ, 14416ಕ್ಕೆ ಫೋನು ಮಾಡಿ. ಅದು ಟೆಲಿ ಮಾನಸ್, 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರದ ಸಹಾಯವಾಣಿ. ಹಗಲು ರಾತ್ರಿ ಯಾವಾಗ ಮಾಡಿದರೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ರಾತ್ರಿ ಎರಡಕ್ಕೆ ಎಚ್ಚರವಾಗುತ್ತಿದ್ದ ನನ್ನ ಆ ಕಾಲದಲ್ಲಿ ಇಂಥದ್ದೊಂದು ಇದ್ದಿದ್ದರೆ ಅಂತ ಎಷ್ಟೋ ಸಲ ಅನ್ನಿಸಿದೆ.

ಆ ಮಾತು ಈಗಲೂ ಬರುತ್ತದೆ. ಕಳೆದ ಬೇಸಿಗೆಯಲ್ಲಿ ಅಣ್ಣಯ್ಯನ ಮಗಳ ಮದುವೆಯ ಕರೆಯೋಲೆ ಬಂತು, ಅತ್ತಿಗೆ ಕೊಟ್ಟು ಕಳಿಸಿದ್ದು. ಕೆಳಗೆ ಸುಖಾಗಮನ ಬಯಸುವವರ ಸಾಲಿನಲ್ಲಿ ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳ ಹೆಸರೆಲ್ಲ ಇತ್ತು, ಹುಡುಗಿಯ ಸ್ವಂತ ಚಿಕ್ಕಪ್ಪನಾದ ನನ್ನ ಹೆಸರು ಇರಲಿಲ್ಲ. ಆ ರಾತ್ರಿ ಎರಡು ಗಂಟೆಗೆ ಸರಿಯಾಗಿ ಎಚ್ಚರವಾಯಿತು. ಏನೂ ಬದಲಾಗಿಲ್ಲ, ಎಲ್ಲ ಸುಳ್ಳು ಅನ್ನಿಸಿತು. ಮಾರನೇ ದಿನದಿಂದ ಮತ್ತೆ ನೋಟ್‌ಬುಕ್ಕು, ಸಂಜೆ ಐದೂವರೆ, ಕಲ್ಲು. ಹಿಂದೆ ಇಂಥದ್ದು ಒಂದು ಆದರೆ ಆರು ತಿಂಗಳು ಎಳೆಯುತ್ತಿತ್ತು. ಈ ಸಲ ಎಂಟು ದಿನ ಎಳೆಯಿತು. ಒಂಬತ್ತನೇ ದಿನ ಹೆಂಡತಿಗೆ ಹೇಳಿದೆ, ಹೋಗೋಣ ಅಂತ.

ಮದುವೆ ಕೊಪ್ಪದಲ್ಲಿ. ಧಾರೆ ಮುಗಿದು ಎರಡನೇ ಪಂಕ್ತಿಗೆ ಕೂತೆ. ಎಷ್ಟು ವರ್ಷವಾಗಿತ್ತೋ, ಬಾಳೆಎಲೆಯ ಮುಂದೆ ಹಾಗೆ ಸಾಲಿನಲ್ಲಿ ಕೂತು. ಅಣ್ಣಯ್ಯ ಪಂಚೆ ಎತ್ತಿ ಕಟ್ಟಿಕೊಂಡು ಸಾಲು ನೋಡುತ್ತಾ ಬರುತ್ತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನ ಎಲೆ ಹತ್ತಿರ ನಿಂತ. ನನ್ನ ಮುಖ ನೋಡಲಿಲ್ಲ, ಎಲೆ ನೋಡಿದ. ಹಿಂದೆ ತಿರುಗಿ ಬಡಿಸುವ ಹುಡುಗನಿಗೆ "ಇಲ್ಲಿಗೆ ಇನ್ನೊಂದು ಹೋಳಿಗೆ ಹಾಕು, ತುಪ್ಪ ತಾ" ಅಂದು ಮುಂದೆ ಹೋದ.

ಉಂಡೆ. ಕೈ ತೊಳೆದು, ಮದುಮಗಳ ಕೈಗೆ ಉಡುಗೊರೆ ಕೊಟ್ಟು, ಸಂಜೆಯ ಬಸ್ಸು ಹಿಡಿದೆವು. ಹೆಂಡತಿ ಕಿಟಕಿಗೆ ಒರಗಿ ನಿದ್ದೆ ಹೋದಳು. ತೀರ್ಥಹಳ್ಳಿಯಲ್ಲಿ ಇಳಿದಾಗ ಬಸ್‌ಸ್ಟ್ಯಾಂಡಿನ ಗಡಿಯಾರ ಏಳು ತೋರಿಸುತ್ತಿತ್ತು. ಐದೂವರೆ ಯಾವಾಗ ಆಗಿಹೋಯಿತು ಅಂತ ನನಗೆ ಗೊತ್ತಾಗಿರಲಿಲ್ಲ.